ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದು ಸ್ಲೀಪರ್ ಹತ್ತಬಹುದೇ?

ಹಬ್ಬ ಬಂತೆಂದರೆ ಫ್ಯಾಮಿಲಿ ಗ್ರೂಪುಗಳಲ್ಲಿ "ವೇಟಿಂಗ್ ಇದ್ದರೂ ಸ್ಲೀಪರ್ ಹತ್ತಿ, ಟಿಟಿಇ ಸೀಟು ಕೊಡ್ತಾರೆ" ಎಂಬ ಸಲಹೆ ಓಡಾಡುತ್ತದೆ. ನಂಬಬೇಡಿ.

ಆನ್‌ಲೈನ್ ಟಿಕೆಟಿನಲ್ಲಿರುವ ಎಲ್ಲರ ಹೆಸರೂ ಚಾರ್ಟ್ ಆದ ಮೇಲೂ ವೇಟಿಂಗ್‌ನಲ್ಲೇ ಉಳಿದರೆ ಟಿಕೆಟ್ ತಾನಾಗಿಯೇ ರದ್ದಾಗುತ್ತದೆ. ಆಮೇಲೂ ರೈಲು ಹತ್ತಿದರೆ ನೀವು ಟಿಕೆಟ್ ಇಲ್ಲದ ಪ್ರಯಾಣಿಕರು. ಟಿಕೆಟ್ ದರದ ಜೊತೆಗೆ ಕನಿಷ್ಠ 250 ರೂಪಾಯಿ ದಂಡ ಕಟ್ಟಬೇಕು. ರದ್ದಾದ ಟಿಕೆಟಿನ ಹಣ ಸಣ್ಣ ಶುಲ್ಕ ಕಳೆದು ನಿಮ್ಮ ಖಾತೆಗೇ ಬರುತ್ತದೆ. "ರೀಫಂಡ್ ಮಾಡಿಸ್ತೀವಿ, ಒಟಿಪಿ ಹೇಳಿ" ಎಂದು ಯಾರಾದರೂ ಕರೆ ಮಾಡಿದರೆ ಕಟ್ ಮಾಡಿ.

ಕೌಂಟರ್ ಟಿಕೆಟಿನ ಕಥೆ ಬೇರೆ. ಅದು ವೇಟಿಂಗ್‌ನಲ್ಲಿದ್ದರೂ ಜನರಲ್ ಬೋಗಿಯಲ್ಲಿ ಹೋಗಬಹುದು. ಬೇಡವೆಂದರೆ ರೈಲು ಹೊರಡುವ ಅರ್ಧ ಗಂಟೆ ಮೊದಲೇ ರದ್ದು ಮಾಡಿಸಬೇಕು. ಆರ್‌ಎಸಿ ಆಗಿದ್ದರೆ ಧೈರ್ಯವಾಗಿ ಹತ್ತಿ, ಕೂರಲಂತೂ ಜಾಗ ಸಿಗುತ್ತದೆ.

ಮನೆ ಬಿಡುವ ಮುನ್ನ 139ಕ್ಕೆ ಕರೆ ಮಾಡಿ ಪಿಎನ್ಆರ್ ಸ್ಥಿತಿ ಕೇಳಿಕೊಳ್ಳಿ.