ಮೆಡಿಕಲ್ ಕಾಲೇಜಿನ ಪ್ರಕಟಣೆಗಳು: ಪಾಲಕರು ತಿಳಿದಿರಬೇಕಾದದ್ದು



ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಂದ ನಮ್ಮ ಟ್ರಸ್ಟಿಗೆ ಬರುವ ಅರ್ಜಿಗಳಲ್ಲಿ ಈಚೆಗೆ ವೈದ್ಯಕೀಯ ಶಿಕ್ಷಣದ ಅರ್ಜಿಗಳು ಹೆಚ್ಚುತ್ತಿವೆ. ಇದಕ್ಕೆ ಕಾರಣವೂ ಇದೆ. ಹಿಂದೆ ನಮ್ಮ ಮಕ್ಕಳಿಗೆ ಡಾಕ್ಟರ್ ಓದು ಅಂದರೆ ಹುಬ್ಬಳ್ಳಿ ಒಂದೇ ಗೊತ್ತಿತ್ತು. ಜನ ಇವತ್ತಿಗೂ ಕಿಮ್ಸ್ ಎಂದೇ ಕರೆಯುವ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು 1957ರಲ್ಲಿ ಶುರುವಾಯಿತು. ಆಮೇಲೆ ಗದುಗಿನಲ್ಲಿ ಒಂದಾಯಿತು. 2022-23ನೇ ಸಾಲಿನಿಂದ ನಮ್ಮ ಜಿಲ್ಲಾ ಕೇಂದ್ರ ಹಾವೇರಿಯಲ್ಲಿಯೇ 150 ಸೀಟುಗಳ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಮೂರೂ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು.

ಕಾಲೇಜು ಹತ್ತಿರ ಬಂತು. ಆದರೆ ಅದರ ಪ್ರಕಟಣೆಗಳು ನಮ್ಮ ಮನೆ ಬಾಗಿಲಿಗೆ ಇನ್ನೂ ಸರಿಯಾದ ಹೊತ್ತಿಗೆ ತಲುಪುತ್ತಿಲ್ಲ. ಈ ಲೇಖನ ಅದರ ಬಗ್ಗೆ.

ನಾವು ಕಲಿತ ಪಾಠ

ಕೆಲವು ವರ್ಷಗಳ ಹಿಂದಿನ ಮಾತು. ಸವಣೂರು ತಾಲ್ಲೂಕಿನ ಒಬ್ಬ ಹುಡುಗಿ ನೀಟ್‌ನಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ತಂದೆಗೆ ಅರ್ಧ ಎಕರೆ ಎಲೆಬಳ್ಳಿ ತೋಟ. ಸೀಟು ಹಂಚಿಕೆಯಾಗಿ ಮೊಬೈಲಿಗೆ ಸಂದೇಶವೂ ಹೋಯಿತು. ಅರ್ಜಿಯಲ್ಲಿ ಹಾಕಿದ್ದ ನಂಬರ್ ಮಾತ್ರ ಅರ್ಜಿ ತುಂಬಿಕೊಟ್ಟ ಕಂಪ್ಯೂಟರ್ ಅಂಗಡಿಯದು. ಮನೆಯವರಿಗೆ ತಿಳಿದಾಗ ಶುಲ್ಕ ಕಟ್ಟಲು ಉಳಿದದ್ದು ಒಂದೇ ದಿನ. ನಮ್ಮ ಬಳಿ ಹಣವಿತ್ತು, ಮಂಜೂರು ಮಾಡಬೇಕಾದ ಸಮಿತಿಯ ಸಭೆ ಮುಂದಿನ ವಾರ ಇತ್ತು. ಸೀಟು ಹೋಯಿತು.

"ಸರ, ಸೀಟ್ ಬಂದೈತಿ ಅಂತ ಗೊತ್ತಾತ್ರಿ, ದಿನಾ ಮುಗದೈತಿ ಅಂತ ಗೊತ್ತಾಗ್ಲಿಲ್ರಿ" ಎಂದು ಆ ತಂದೆ ಹೇಳಿದ ಮಾತು ನಮ್ಮ ಕಿವಿಯಲ್ಲಿ ಇನ್ನೂ ಇದೆ. ಹುಡುಗಿ ಈಗ ನರ್ಸಿಂಗ್ ಓದುತ್ತಿದ್ದಾಳೆ, ಚೆನ್ನಾಗಿಯೇ ಓದುತ್ತಿದ್ದಾಳೆ. ಆದರೂ ಅದು ಅವಳು ಬೇಡಿದ ದಾರಿಯಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಇದೆ ಎಂದು ಒಪ್ಪಿಕೊಂಡೇ ಮುಂದಿನ ಮಾತುಗಳನ್ನು ಬರೆಯುತ್ತಿದ್ದೇವೆ.

ಪ್ರಕಟಣೆ ಯಾರದು?

ಮೊದಲು ತಿಳಿಯಬೇಕಾದದ್ದು, ಸೀಟು ಕೊಡುವುದು ಕಾಲೇಜಲ್ಲ. ಕಾಲೇಜಿಗೆ ಹೋಗಿ ಕೇಳಿದರೆ "ನಮ್ಮ ಕೈಯಲ್ಲಿಲ್ಲ" ಎನ್ನುತ್ತಾರೆ, ಅದು ನಿಜ. ಮೂರು ಕಡೆಯಿಂದ ಮೂರು ಬಗೆಯ ಪ್ರಕಟಣೆ ಬರುತ್ತವೆ.

ಮೊದಲನೆಯದು ಪರೀಕ್ಷೆಯದು. ನೀಟ್ ಪರೀಕ್ಷೆ ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ. 2025ರಲ್ಲಿ ಇದ್ದದ್ದು 180 ಪ್ರಶ್ನೆ, 720 ಅಂಕ, ಮೂರು ಗಂಟೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಪ್ರಶ್ನೆಗಳಲ್ಲಿ ಅರ್ಧ, ಅಂದರೆ 90, ಜೀವಶಾಸ್ತ್ರದವು. ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಸಿಗುತ್ತದೆ, ಆದರೆ ಭಾಷೆಯನ್ನು ಅರ್ಜಿ ತುಂಬುವಾಗಲೇ ಆರಿಸಬೇಕು.

ಎರಡನೆಯದು ಸೀಟು ಹಂಚಿಕೆಯದು. ಸರ್ಕಾರಿ ಕಾಲೇಜಿನ ಶೇ 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಹಾವೇರಿಯ 150ರಲ್ಲಿ ಅದು 22-23 ಸೀಟು. ಉಳಿದ ಶೇ 85 ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಹಂಚುತ್ತದೆ. ನೀಟ್ ಬರೆದರೆ ಸಾಕು, ಸೀಟು ತಾನಾಗಿ ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಕೆಇಎಯಲ್ಲಿ ಬೇರೆಯಾಗಿ ನೋಂದಣಿ ಮಾಡಲೇಬೇಕು.

ಮೂರನೆಯದು ಕಾಲೇಜಿನದು. ಅದು ಸೀಟು ಸಿಕ್ಕ ಮೇಲೆ ಶುರುವಾಗುತ್ತದೆ.

ನಾಲ್ಕು ಆಯ್ಕೆಗಳು

ಕೆಇಎ ಸೀಟು ಹಂಚಿದ ಮೇಲೆ ವಿದ್ಯಾರ್ಥಿ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಒಂದನೇ ಆಯ್ಕೆ: ಸೀಟು ಒಪ್ಪಿಗೆ, ಶುಲ್ಕ ಕಟ್ಟಿ ಕಾಲೇಜು ಸೇರುತ್ತೇನೆ. ಎರಡನೆಯದು: ಒಪ್ಪಿಗೆ ಇದೆ, ಆದರೆ ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಒಳ್ಳೆಯದಕ್ಕೆ ಪ್ರಯತ್ನಿಸುತ್ತೇನೆ. ಮೂರನೆಯದು: ಈ ಸೀಟು ಬೇಡ, ಮುಂದಿನ ಸುತ್ತಿಗೆ ಹೋಗುತ್ತೇನೆ. ನಾಲ್ಕನೆಯದು: ಪ್ರಕ್ರಿಯೆಯಿಂದಲೇ ಹೊರಗೆ.

ಎರಡನೆಯದನ್ನು ಆರಿಸಿದವರಿಗೆ ಮೇಲಿನ ಸೀಟು ಸಿಕ್ಕರೆ ಹಳೆಯದು ತಾನೇ ರದ್ದಾಗುತ್ತದೆ, ಎರಡನ್ನೂ ಹಿಡಿದುಕೊಳ್ಳಲಾಗದು. ಮೂರನೆಯದನ್ನು ಆರಿಸಿದವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಸಂಬಂಧಿಕರ ಮಾತು ಕೇಳಿ ಒತ್ತುವ ಗುಂಡಿಯಲ್ಲ ಇದು. ಮಗು, ಪಾಲಕರು, ತಿಳಿದ ಒಬ್ಬ ಶಿಕ್ಷಕರು ಕೂತು ಮಾತಾಡಿ ನಿರ್ಧರಿಸಬೇಕು. ದಿನಗಳು ಎರಡೋ ಮೂರೋ ಇರುತ್ತವೆ, ಅಷ್ಟೇ.

ಕಾಗದಪತ್ರ: ಬೇಸಿಗೆಯಲ್ಲಿಯೇ ಸಿದ್ಧವಿರಲಿ

ನಮ್ಮ ಮಕ್ಕಳು ಅಂಕದಲ್ಲಿ ಸೋಲುವುದಕ್ಕಿಂತ ಕಾಗದದಲ್ಲಿ ಸೋಲುವುದನ್ನು ನೋಡಿದರೆ ಹೆಚ್ಚು ಸಂಕಟವಾಗುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಹೆಸರು: ಆಧಾರ್‌ನಲ್ಲಿ "ಮಹಮ್ಮದ್", ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಮೊಹಮ್ಮದ್", ಜಾತಿ ಪತ್ರದಲ್ಲಿ ಅಡ್ಡಹೆಸರೇ ಇಲ್ಲ, ಇಂಥದ್ದು ನಮ್ಮಲ್ಲಿ ಮನೆಗೊಂದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ ಎಲ್ಲ ಕಡೆ ಇರುವಂತೆ ಈಗಲೇ ತಿದ್ದಿಸಿ.

ಜಾತಿ ಮತ್ತು ಆದಾಯ ಪತ್ರ: ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಆರ್‌ಡಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಪ್ರವರ್ಗ 2ಬಿಗೆ ಬೇಕಾದದ್ದು ನಮೂನೆ ಎಫ್. ನದಾಫ, ಪಿಂಜಾರ ಕುಟುಂಬಗಳು ಪ್ರವರ್ಗ 1ಕ್ಕೆ ಸೇರಿದವು, ಅವರಿಗೆ ನಮೂನೆ ಇ. ಒಂದರ ಬದಲು ಇನ್ನೊಂದು ತಂದರೆ ಮಗುವಿಗೆ ಸಿಗಬೇಕಾದ ಮೀಸಲಾತಿ ಸಿಗುವುದಿಲ್ಲ.

ಗ್ರಾಮೀಣ ವ್ಯಾಸಂಗ: ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಶೇ 15 ಮೀಸಲಾತಿ ಇದೆ. ಹತ್ತು ವರ್ಷವೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಉರ್ದು ಮಾಧ್ಯಮದವರಿಗೆ ಈ ಎರಡನೆಯದು ಅನ್ವಯಿಸದು, ಆದರೆ ಶಾಲೆ ಹಳ್ಳಿಯಲ್ಲಿದ್ದರೆ ಗ್ರಾಮೀಣ ಮೀಸಲಾತಿ ಕೇಳಬಹುದು. ಇದು ಗೊತ್ತಿಲ್ಲದೆ ಬಿಟ್ಟವರಿದ್ದಾರೆ. ಇನ್ನು 371(ಜೆ) ಮೀಸಲಾತಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ. ಹಾವೇರಿ ಅದರಲ್ಲಿ ಬರುವುದಿಲ್ಲ, ಅದಕ್ಕಾಗಿ ಓಡಾಡಬೇಡಿ.

ಮೊಬೈಲ್ ನಂಬರ್: ಅರ್ಜಿಯಲ್ಲಿ ಮನೆಯವರ ನಂಬರೇ ಇರಲಿ. ಪಾಸ್‌ವರ್ಡನ್ನು ನೋಟ್‌ಬುಕ್ಕಿನಲ್ಲಿ ಬರೆದು ಮನೆಯಲ್ಲಿಡಿ.

ಸೇರಿದ ಮೇಲೆ ಬರುವ ಪ್ರಕಟಣೆಗಳು

ಎಂಬಿಬಿಎಸ್ ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಮೊದಲಿಗೆ ಬುನಾದಿ ತರಗತಿಗಳು ನಡೆಯುತ್ತವೆ. ಕನ್ನಡ ಮಾಧ್ಯಮದಿಂದ ಹೋದ ಮಕ್ಕಳಿಗೆ ಭಾಷೆ, ಕಂಪ್ಯೂಟರ್ ರೂಢಿಯಾಗುವುದು ಆಗಲೇ. ತಡವಾಗಿ ಸೇರಿದವರು ಇದನ್ನು ಕಳೆದುಕೊಳ್ಳುತ್ತಾರೆ. ನಂತರ ಬಿಳಿ ಕೋಟು ತೊಡಿಸುವ ಸಮಾರಂಭ. ಪಾಲಕರನ್ನು ಕರೆದರೆ ತಪ್ಪದೆ ಹೋಗಿ. ಆ ದಿನ ತಂದೆತಾಯಿ ಎದುರಿಗಿದ್ದರೆ ಮಗುವಿಗೆ ಬರುವ ಧೈರ್ಯವೇ ಬೇರೆ.

ಹಾಜರಾತಿಯ ಪ್ರಕಟಣೆಯನ್ನು ಹಗುರವಾಗಿ ನೋಡಬೇಡಿ. ತರಗತಿಗೆ ಶೇ 75, ಪ್ರಾಯೋಗಿಕಕ್ಕೆ ಶೇ 80 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅಕ್ಕನ ಮದುವೆ, ಕಾಕಾನ ಮನೆಯ ಕಾರ್ಯ ಎಂದು ವಾರಗಟ್ಟಲೆ ಊರಿಗೆ ಕರೆಸಿಕೊಳ್ಳುವ ಮುನ್ನ ಇದನ್ನು ನೆನಪಿಡಿ.

ಇನ್ನೊಂದು ಕಾರ್ಯಕ್ರಮ ನಮ್ಮೆಲ್ಲರಿಗೂ ಸಂಬಂಧಿಸಿದ್ದು. ಈಗಿನ ನಿಯಮದಂತೆ ಪ್ರತಿ ವೈದ್ಯ ವಿದ್ಯಾರ್ಥಿ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು, ಓದು ಮುಗಿಯುವವರೆಗೆ ಅವರ ಆರೋಗ್ಯವನ್ನು ಗಮನಿಸುತ್ತ ಹೋಗಬೇಕು. ರಕ್ತದೊತ್ತಡ, ಸಕ್ಕರೆ, ಬಾಣಂತಿಯರ ರಕ್ತಹೀನತೆ ಇಂಥವು ಮನೆ ಬಾಗಿಲಲ್ಲಿಯೇ ತಿಳಿಯುತ್ತವೆ. ನಿಮ್ಮ ಊರಿಗೆ ಅಂಥ ಮಕ್ಕಳು ಬಂದರೆ ಅನುಮಾನದಿಂದ ನೋಡಬೇಡಿ. ಕೂರಿಸಿ, ನೀರು ಕೊಡಿ, ಕೇಳಿದ್ದಕ್ಕೆ ಉತ್ತರಿಸಿ. ನಮ್ಮ ಮಗಳು ಬೇರೆ ಊರಿನಲ್ಲಿ ಯಾರದೋ ಬಾಗಿಲು ತಟ್ಟುತ್ತಿರಬಹುದು.

ದಾನಿಗಳಿಗೆ ಒಂದು ಮಾತು

ನಿಮ್ಮ ಹಣ ಯಾವ ದಿನ ಬೇಕು ಎಂಬುದು ಎಷ್ಟು ಹಣ ಎಂಬುದರಷ್ಟೇ ಮುಖ್ಯ ಎಂದು ನಾವು ಕಲಿತಿದ್ದೇವೆ. ಆದ್ದರಿಂದ ನಿಯಮ ಬದಲಿಸಿದ್ದೇವೆ. ವೈದ್ಯಕೀಯ, ದಂತ, ಆಯುಷ್, ನರ್ಸಿಂಗ್ ಸೀಟು ಸಿಕ್ಕ ಮಗುವಿಗೆ ಮೊದಲ ಕಂತನ್ನು ಸಮಿತಿಯ ಇಬ್ಬರು ಸದಸ್ಯರು ಅದೇ ದಿನ ಮಂಜೂರು ಮಾಡಬಹುದು. ಪೂರ್ಣ ಸಭೆ ಆಮೇಲೆ ಪರಿಶೀಲಿಸುತ್ತದೆ. ಹಣ ಕಾಲೇಜಿನ ಅಥವಾ ಪ್ರಾಧಿಕಾರದ ಹೆಸರಿಗೇ ಹೋಗುತ್ತದೆ, ರಸೀದಿ ನಮ್ಮ ಕಡತದಲ್ಲಿರುತ್ತದೆ. ದಾನಿಗಳು ಯಾವಾಗ ಬೇಕಾದರೂ ಬಂದು ನೋಡಬಹುದು.

ಪಾಲಕರು ಸರ್ಕಾರದ ನೆರವನ್ನೂ ಬಿಡಬಾರದು. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ "ಅರಿವು" ಶಿಕ್ಷಣ ಸಾಲಕ್ಕೆ ಸೀಟು ಸಿಗುವವರೆಗೆ ಕಾಯದೆ, ಪ್ರಕಟಣೆ ಬಂದ ಕೂಡಲೇ ಅರ್ಜಿ ಕೊಡಿ.

ನೀಟ್ ಬರೆಯುವ ಮಕ್ಕಳು ಫಲಿತಾಂಶಕ್ಕೆ ಮುಂಚೆಯೇ ಮೇಲೆ ಹೇಳಿದ ಕಾಗದಗಳೊಂದಿಗೆ ನಮ್ಮ ಕಚೇರಿಗೆ ಒಮ್ಮೆ ಬಂದು ಹೋಗಬೇಕು. ಅಂಕ ಎಷ್ಟು ಬರಬಹುದು ಎಂದು ನಾವು ಕೇಳುವುದಿಲ್ಲ. ಕಾಗದ ಸರಿ ಇವೆಯೇ, ನಂಬರ್ ಯಾರದು ಎಂದು ಮಾತ್ರ ಕೇಳುತ್ತೇವೆ. ಅರ್ಜಿ ನಮೂನೆ ಮತ್ತು ಕೊನೆಯ ದಿನಾಂಕ ಈ ವರದಿಯ ಕೊನೆಯ ಪುಟದಲ್ಲಿವೆ. ದಯಮಾಡಿ ಆ ಪುಟವನ್ನು ಹರಿದು, ಮನೆಯಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸಿ.