ಮಸಾಯಿ ಮಾರಾ ಸಫಾರಿಗೆ ಹೊರಟಿದ್ದೀರಾ? ಮೊದಲು ಲಸಿಕೆ, ಆಮೇಲೆ ಟಿಕೆಟ್

ಕೀನ್ಯಾದ ಸಫಾರಿ ಅಂದ ಕೂಡಲೇ ನಾವು ವಿಮಾನದ ದರ ಹುಡುಕಲು ಕೂರುತ್ತೇವೆ. ಆದರೆ ಮೊದಲು ನೋಡಬೇಕಾದದ್ದು ಯೆಲ್ಲೋ ಫೀವರ್, ಅಂದರೆ ಹಳದಿ ಜ್ವರದ ಲಸಿಕೆ. ಇದನ್ನು ಕಡ್ಡಾಯವಾಗಿ ಕೇಳುವುದು ನೀವು ಭಾರತಕ್ಕೆ ಮರಳುವಾಗ! ಪ್ರಮಾಣಪತ್ರವಿಲ್ಲದೆ ಕೀನ್ಯಾದಿಂದ ಬಂದಿಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು.

ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಹಾಕುತ್ತಾರೆ. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಪಡೆದ 10 ದಿನಗಳ ನಂತರ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ಸಾಕು. ಅಪ್ಪ-ಅಮ್ಮನನ್ನೂ ಕರೆದೊಯ್ಯುವುದಾದರೆ, 60 ದಾಟಿದವರು ಮೊದಲು ವೈದ್ಯರನ್ನು ಕೇಳಲೇಬೇಕು. ಮಲೇರಿಯಾ ಮಾತ್ರೆಯ ವಿಷಯವನ್ನೂ ಆಗಲೇ ವಿಚಾರಿಸಿಬಿಡಿ.

ಯಾವ ತಿಂಗಳು ಹೋಗಬೇಕು?

ಮಕ್ಕಳಿಗೆ ಬೇಸಿಗೆ ರಜೆ ಎಂದು ಏಪ್ರಿಲ್-ಮೇನಲ್ಲಿ ಹೊರಟರೆ ಅಲ್ಲಿ ದೊಡ್ಡ ಮಳೆಗಾಲ. ಜೀಪು ಕೆಸರಿನಲ್ಲಿ ಹೂತುಕೊಳ್ಳುವುದು ಸಾಮಾನ್ಯ. ಲಕ್ಷಗಟ್ಟಲೆ ವೈಲ್ಡ್‌ಬೀಸ್ಟ್‌ಗಳು ಟಾಂಜಾನಿಯಾದ ಸೆರೆಂಗೆಟಿಯಿಂದ ಬಂದು ಮಾರಾ ನದಿ ದಾಟುವ ದೃಶ್ಯ ಸಿಗುವುದು ಸುಮಾರಾಗಿ ಜುಲೈನಿಂದ ಅಕ್ಟೋಬರ್‌ವರೆಗೆ. ದಸರಾ ರಜೆ ಇದಕ್ಕೆ ಹೊಂದುತ್ತದೆ.

ಆದರೆ ಜೇಬಿಗೆ ಕತ್ತರಿ ಬೀಳುವುದೂ ಆಗಲೇ. 2024ರಲ್ಲಿ ಜಾರಿಗೆ ಬಂದ ದರದಂತೆ ವಿದೇಶಿ ವಯಸ್ಕರಿಗೆ ಪ್ರವೇಶ ಶುಲ್ಕ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್. ಇಬ್ಬರು ಮೂರು ದಿನ ಸುತ್ತಿದರೆ ಜೂನ್‌ನಲ್ಲಿ 600, ಜುಲೈನಲ್ಲಿ 1,200! ಪ್ಯಾಕೇಜ್ ದರ ಕಡಿಮೆ ಕಂಡರೆ ಈ ಶುಲ್ಕ ಸೇರಿದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಿರಿ. ಸಿಂಹ, ಆನೆ, ಚೀತಾಗಳು ವರ್ಷಪೂರ್ತಿ ಅಲ್ಲೇ ಇರುತ್ತವೆ. ನದಿ ದಾಟುವ ಹಿಂಡು ನೋಡಲೇಬೇಕೆಂಬ ಹಟವಿಲ್ಲದವರಿಗೆ ಜನವರಿ-ಫೆಬ್ರವರಿಯೇ ಲಾಭ.

ಕಬಿನಿಯಂತೆ ಇಲ್ಲಿ ಮೂರ್ನಾಲ್ಕು ಗಂಟೆಗೆ ಸಫಾರಿ ಮುಗಿಯುವುದಿಲ್ಲ. ಬುತ್ತಿ ಕಟ್ಟಿಕೊಂಡು ಇಡೀ ದಿನ ಸುತ್ತಬಹುದು. ಬಯಲು ಹುಲ್ಲುಗಾವಲಾದ್ದರಿಂದ ಪ್ರಾಣಿಗಳು ದೂರದಿಂದಲೇ ಕಾಣುತ್ತವೆ, ಬೈನಾಕ್ಯುಲರ್ ಮರೆಯಬೇಡಿ.

ವೀಸಾ ಬದಲು ಈಗ ಇಟಿಎ ಎಂಬ ಆನ್‌ಲೈನ್ ಅನುಮತಿ ಬೇಕು. ಮುಂಬೈನಿಂದ ನೈರೋಬಿಗೆ ನೇರ ವಿಮಾನವಿದೆ. ಅಲ್ಲಿಂದ ಮಾರಾಗೆ ರಸ್ತೆಯಲ್ಲಿ ಐದಾರು ಗಂಟೆ. ಪುಟ್ಟ ವಿಮಾನದಲ್ಲಿ ಹೋದರೆ ಬೇಗ ತಲುಪಬಹುದು, ಆದರೆ ಸಾಮಾನ್ಯವಾಗಿ 15 ಕಿಲೋ ಲಗೇಜ್‌ಗಷ್ಟೇ ಅವಕಾಶ, ಅದೂ ಮೆತ್ತನೆಯ ಬ್ಯಾಗಿನಲ್ಲಿ. ಚಕ್ಲಿ, ಚಟ್ನಿಪುಡಿ ಒಯ್ಯುವವರು ಪ್ಲಾಸ್ಟಿಕ್ ಕ್ಯಾರಿಬ್ಯಾಗ್‌ನಲ್ಲಿ ಕಟ್ಟಬೇಡಿ. ಕೀನ್ಯಾದಲ್ಲಿ 2017ರಿಂದ ಅದಕ್ಕೆ ನಿಷೇಧವಿದೆ.