ಬರ ನಿರ್ಧಾರದಲ್ಲಿ ಸೂಚ್ಯಂಕ ಮತ್ತು ಗಣಿತ ಮಾದರಿಗಳ ಬಳಕೆ

ಬೆಳೆ ಪರಿಹಾರ ಕೋರುವ ರೈತರು ತಮ್ಮ ತಾಲ್ಲೂಕು ಬರ ಪಟ್ಟಿಯಲ್ಲಿ ಏಕಿಲ್ಲವೆಂದು ಪ್ರಶ್ನಿಸುವುದು ಸಹಜ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿ ಹಾಗೂ ಅದರ ನಂತರದ ಪರಿಷ್ಕರಣೆಯನ್ವಯ ಈ ನಿರ್ಧಾರವು ಸೂಚ್ಯಂಕಗಳನ್ನು ಅವಲಂಬಿಸಿರುತ್ತದೆ.

ಮೊದಲು ಮಳೆಯನ್ನು ಪರಿಶೀಲಿಸಲಾಗುತ್ತದೆ. ಶೇಕಡಾವಾರು ಕೊರತೆಯೊಂದೇ ಸಾಲದು. ಶೇ. 30ರಷ್ಟು ಕೊರತೆಯು ಆಗುಂಬೆಯಲ್ಲಿ ವಿರಳ, ಚಳ್ಳಕೆರೆಯಲ್ಲಿ ಆಗಾಗ್ಗೆ ಕಾಣುವಂಥದ್ದು. ಈ ವ್ಯತ್ಯಾಸವನ್ನು ಸರಿದೂಗಿಸಲು 1993ರಲ್ಲಿ ಅಮೆರಿಕದ ಕೊಲೊರಾಡೋ ರಾಜ್ಯ ವಿಶ್ವವಿದ್ಯಾಲಯದ ಮೆಕ್ಕೀ ಮತ್ತು ಸಹೋದ್ಯೋಗಿಗಳು ಪ್ರಮಾಣೀಕೃತ ಮಳೆ ಸೂಚ್ಯಂಕವನ್ನು ರೂಪಿಸಿದರು. ಸುಮಾರು 30 ವರ್ಷ ಅಥವಾ ಅದಕ್ಕೂ ಹೆಚ್ಚಿನ ಅವಧಿಯ ಮಳೆಯ ಅಂಕಿಅಂಶಗಳನ್ನು ಸಾಮಾನ್ಯವಾಗಿ ಗಾಮಾ ವಿತರಣೆಯೆಂಬ ಗಣಿತ ಮಾದರಿಗೆ ಹೊಂದಿಸಿ, ಈ ವರ್ಷದ ಮಳೆಯು ಆ ಸ್ಥಳಕ್ಕೆ ಎಷ್ಟು ಅಪರೂಪವೆಂದು ಲೆಕ್ಕ ಹಾಕಲಾಗುತ್ತದೆ. ಸೊನ್ನೆ ಎಂದರೆ ವಾಡಿಕೆಯ ಸ್ಥಿತಿ, -1ರಿಂದ -1.49 ಸಾಧಾರಣ, -1.5ರಿಂದ -1.99 ತೀವ್ರ, -2 ಮತ್ತು ಅದಕ್ಕಿಂತ ಕಡಿಮೆಯಾದಲ್ಲಿ ಅತಿ ತೀವ್ರ ಶುಷ್ಕತೆ.

ತದನಂತರ ಬಿತ್ತನೆ ಪ್ರದೇಶ, ಮಣ್ಣಿನ ತೇವಾಂಶ, ಜಲಾಶಯ ಹಾಗೂ ಅಂತರ್ಜಲ ಮಟ್ಟ, ಉಪಗ್ರಹ ಆಧಾರಿತ ಸಸ್ಯ ಸೂಚ್ಯಂಕಗಳನ್ನು ಪರಿಗಣಿಸಲಾಗುತ್ತದೆ. ಆದರೆ ಉಪಗ್ರಹಕ್ಕೆ ಕಾಣುವುದು ಹಸಿರು. ಅದು ರಾಗಿಯೋ ಕಳೆಯೋ ಎಂಬುದು ಸುಲಭವಾಗಿ ತಿಳಿಯದು. ಆದ್ದರಿಂದಲೇ ಶೇ. 10ರಷ್ಟು ಗ್ರಾಮಗಳಲ್ಲಿ ಕ್ಷೇತ್ರ ಪರಿಶೀಲನೆ ನಡೆಯುತ್ತದೆ. ತಂಡವು ಬಂದಾಗ ಒಣಗಿದ ಬೆಳೆಯನ್ನು ಅಳಿಸಿ ಉಳುಮೆ ಮಾಡಿರದಿದ್ದರೆ ಪರಿಶೀಲನೆಗೆ ಅನುಕೂಲ.

ತಾಲ್ಲೂಕು ಪಟ್ಟಿಯಲ್ಲಿದ್ದ ಮಾತ್ರಕ್ಕೆ ಪರಿಹಾರ ದೊರೆಯದು. ಬೆಳೆ ನಷ್ಟವು ಶೇ. 33 ಅಥವಾ ಅದಕ್ಕಿಂತ ಹೆಚ್ಚಿರತಕ್ಕದ್ದು. ಬೆಳೆದ ಬೆಳೆಯು ಪಹಣಿಯಲ್ಲಿ ಸರಿಯಾಗಿ ನಮೂದಾಗಿದೆಯೇ ಎಂದು ಅರ್ಜಿದಾರರು ಮುಂಚಿತವಾಗಿ ಪರಿಶೀಲಿಸಿಕೊಳ್ಳುವುದು.